ಚರ್ಮ ತೋರಿಸುವ ಸಾಲು

ಜನವರಿ 20, ಸೋಮವಾರ. ಸಂಜೆ 6:40

ಕುಸ್ತಿಯ ಮ್ಯಾಟ್ ಎರಡು ಸಲ ಒರೆಸಿದ್ದಾಯಿತು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಬೆನ್ನು ಹಿಡಿದಿದೆ. ತೂಕ: ಹನ್ನೊಂದು ಹುಡುಗಿಯರಲ್ಲಿ ಹತ್ತು ಮಂದಿ ಸರಿ. ಡಾರ್ಬಿ ಎರಡು ಪೌಂಡ್ ಹೆಚ್ಚು. ಅಜ್ಜಿ ಮಾಡಿದ ಸಿಹಿ ಬನ್ನು, ಸಿನಮನ್ ರೋಲ್‌ನ ಮೇಲೆ ಗೂಬೆ ಕೂರಿಸಿದಳು. ಕೋರಾ ನೂರ ಇಪ್ಪತ್ತನಾಲ್ಕೂವರೆ, ನೂರ ಇಪ್ಪತ್ತೈದರ ವರ್ಗಕ್ಕೆ ಸರಿಯಾಗಿ. ನನ್ನ ಮಗಳು ಅಂತ ಬರೆಯುತ್ತಿಲ್ಲ — ಅವಳ ತೂಕ ಒಂದು ದಿನವೂ ಆಚೀಚೆ ಆಗಿಲ್ಲ, ಬೇಕಾದರೆ ಹಿಂದಿನ ಪುಟ ನೋಡಿಕೊಳ್ಳಲಿ.

ಫೆಬ್ರವರಿ ಒಂದಕ್ಕೆ ಪ್ರಾದೇಶಿಕ ಪಂದ್ಯ. ನಮ್ಮ ಶಾಲೆಯಿಂದ ಒಬ್ಬ ಹುಡುಗಿಯೂ ಇನ್ನೂ ರಾಜ್ಯಮಟ್ಟದ ಕುಸ್ತಿಗೆ ಹೋಗಿಲ್ಲ. ಕೋರಾಗೆ ಇದೇ ಕೊನೆಯ ವರ್ಷ. ಹೋಗುತ್ತಾಳೆ. ಈ ವಾಕ್ಯ ಅಳಿಸುವುದಿಲ್ಲ.

ಶನಿವಾರ ಬಸ್ಸಿನಲ್ಲಿ ಹುಡುಗಿಯರು ನಾನು ಕುಸ್ತಿ ಆಡುತ್ತಿದ್ದ 1989ರ ಕಥೆ ಹೇಳಿ ಅಂತ ಗಂಟು ಬಿದ್ದರು. ಹೇಳಿದೆ. ಪಂದ್ಯದ ಹಿಂದಿನ ದಿನ ನನ್ನ ಕೆನ್ನೆಯ ಮೇಲೆ ಹುಣ್ಣು, ನನ್ನ ಕೋಚ್ ಸ್ಯಾಂಡ್‌ಪೇಪರ್ ತಂದು ಹಕ್ಕಳೆ ಉಜ್ಜಿದ್ದು, ನನ್ನ ಅಕ್ಕನ ಮುಖದ ಬಣ್ಣ ಬಳಿದು ಪಂದ್ಯಕ್ಕೆ ಮೊದಲು ರೆಫರಿ ಸೋಂಕು ಹುಡುಕುವ ಆ ಚರ್ಮ ತೋರಿಸುವ ಸಾಲು ದಾಟಿಸಿದ್ದು, ನಾನು ಮೂರನೆಯವನಾಗಿ ಬಂದದ್ದು. ಬಸ್ಸೆಲ್ಲ ನಗು. ಡಾರ್ಬಿ ಎಲ್ಲರಿಗಿಂತ ಜೋರಾಗಿ.

ಜನವರಿ 22, ಬುಧವಾರ. ರಾತ್ರಿ 8

ನಮ್ಮ ಊರಲ್ಲೇ ಪಂದ್ಯ. ಗೆದ್ದೆವು! ಹನ್ನೊಂದರಲ್ಲಿ ಎಂಟು. ನನ್ನ ಹೆಂಡತಿ ಗ್ರೆಟಾ ಮಾಡಿದ ಚಿಲ್ಲಿ ಎಂಬ ಮಾಂಸ-ಬೀನ್ಸಿನ ಸಾರು, ಜೊತೆಗೆ ರೋಲು, ದೊಡ್ಡ ಪಾತ್ರೆ ಖಾಲಿ. ಅವಳು ಅಡುಗೆ ಉಳಿಸಿಕೊಂಡು ಮನೆಗೆ ಬಂದದ್ದು ನಾನು ಕಂಡಿಲ್ಲ.

ಪಂದ್ಯಕ್ಕೆ ಮೊದಲು ಹೆಬ್ಬೆರಳಿನ ಶಾಸ್ತ್ರ. ಸಾಲಾಗಿ ನಿಂತರು. ಚೀಲದ ಹಳೆಯ ಟ್ಯೂಬಿನಿಂದ ಮುಲಾಮು ಹಿಂಡಿ, ತರಚಿದ ಕಡೆಯೆಲ್ಲ ಹೆಬ್ಬೆರಳಿನಿಂದ ಒಂದೊಂದು ಒತ್ತು. ನನ್ನ ಕೋಚ್ ನಮಗೆ ಹೀಗೇ ಮಾಡುತ್ತಿದ್ದರು. ತರಚದವರೂ ಬಂದು ನಿಲ್ಲುತ್ತಾರೆ. ಪುಟ್ಟ ಸಿಲ್ವಿ ಅಂತೂ ಏನೂ ಆಗದ ಕುತ್ತಿಗೆ ಚಾಚಿ, "ಕೋಚ್, ನಂಗೂ ಒಂದು. ಇಲ್ದಿದ್ರೆ ಸೋಲ್ತೀನಿ" ಎಂದಳು. ಇಪ್ಪತ್ತಾರು ವರ್ಷ ಈ ಹೆಬ್ಬೆರಳು ಸವೆದಿದೆ. ಇಷ್ಟು ಹೆಮ್ಮೆಯ ಕೆಲಸ ಬೇರೆ ಮಾಡಿಲ್ಲ.

ಜನವರಿ 24, ಶುಕ್ರವಾರ. ಮಧ್ಯಾಹ್ನ

ಕೋರಾಳ ಮುಂಗೈ ಮೇಲೆ ಹುಣ್ಣು. ಜೇನುಬಣ್ಣದ ಹಕ್ಕಳೆ, ಸುತ್ತ ಕೆಂಪು. ಸಿಲ್ವಿಯ ಕುತ್ತಿಗೆಯಲ್ಲಿ ಎರಡು — ನಾನು ಒತ್ತಿದ ಜಾಗದಲ್ಲೇ. ಡಾರ್ಬಿಯ ಗಲ್ಲದ್ದು ನೋಡಲಾಗದು.

ನರ್ಸ್ ವರ್ನಾ ಹತ್ತಿರ ಕರೆದುಕೊಂಡು ಹೋದೆ. ನಾನು ಈ ಶಾಲೆಯಲ್ಲಿ ಓದುವಾಗಲೂ ಅವರೇ ಇಲ್ಲಿ ನರ್ಸ್. ಅರವತ್ತೆಂಟಾದರೂ ವಾರಕ್ಕೆ ಮೂರು ದಿನ ಬರುತ್ತಾರೆ. ಮೂವರನ್ನೂ ನೋಡಿ ಕೈಗವಸು ಬಿಚ್ಚಿದರು.

"ಮೈಲೋ, ಆ ನಿನ್ ಟ್ಯೂಬ್ ಇಲ್ ಕೊಡು."

ಕೊಟ್ಟೆ. ಕನ್ನಡಕ ಏರಿಸಿ ಅಂಚಿನ ತಾರೀಖು ಓದಿದರು.

"ಇದರ ಆಯಸ್ಸು ಮುಗಿದು ನಾಲ್ಕು ವರ್ಷ ಆಯ್ತಲ್ಲೋ! ಯಾರಿಗೆ ಬರಕೊಟ್ಟಿದ್ದು ಇದು?"

"ಹಿಂದೆ ಒಬ್ಬ ಹುಡುಗನಿಗೆ..."

"ಅವನ ಔಷಧಿನ ಊರಿಗೆಲ್ಲ ಹಚ್ತಿದೀಯ. ಸರಿ. ಒಬ್ಬಳಿಂದ ಇನ್ನೊಬ್ಬಳಿಗೆ ಹೋಗೋವಾಗ ಕೈ ತೊಳೀತೀಯ?"

ಹೆಬ್ಬೆರಳನ್ನು ಜೇಬಿನೊಳಗೆ ತುರುಕಿದೆ.

"ಅಂದ್ರೆ ಮುಲಾಮೂ ನೀನೇ ಹಂಚಿದೀಯ, ಹುಣ್ಣೂ ನೀನೇ ಹಂಚಿದೀಯ."

ಆ ಮಾತು ಎದೆಗೆ ನಾಟಿತು. ನಾಳೆಯ ಪಂದ್ಯ ರದ್ದು ಮಾಡಿದೆ.

ಜನವರಿ 25, ಶನಿವಾರ

ಡಾಕ್ಟರ್ ನೋಡಿದರು. ಇಂಪೆಟೈಗೊ ಅಂತೆ, ಮುಟ್ಟಿದರೆ ಹರಡುವ ಚರ್ಮದ ಸೋಂಕು. ಕೋರಾ, ಸಿಲ್ವಿಗೆ ಮುಲಾಮು ಸಾಕು, ಒಬ್ಬೊಬ್ಬರಿಗೂ ಅವರದೇ ಟ್ಯೂಬು. ಡಾರ್ಬಿಯದು ಆಳಕ್ಕೆ ಇಳಿದಿದೆ, ಅವಳಿಗೆ ನುಂಗುವ ಮಾತ್ರೆ. ಶುಕ್ರವಾರ ಮತ್ತೆ ತೋರಿಸಬೇಕು. ಹುಣ್ಣು ಒಣಗಿ, ಹೊಸದು ಏಳದೆ ಇದ್ದರೆ ಮಾತ್ರ ಫಾರ್ಮಿಗೆ ಸಹಿ. ಸಹಿ ಇಲ್ಲದಿದ್ದರೆ ಮ್ಯಾಟ್ ಇಲ್ಲ. ಆರು ದಿನ.

ಕೋರಾ ಅಡುಗೆಮನೆಯ ಮೇಜಿನ ಮೇಲೆ ಅಂಗಡಿ ಹೂಡಿದ್ದಾಳೆ. ಮೊದಲು ಸೋಪಿನಲ್ಲಿ ಕೈ ತೊಳೆಯುವುದು. ಹುಣ್ಣನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಮೆತ್ತಗೆ ತೊಳೆದು, ಒತ್ತಿ ಒರೆಸುವುದು — ಉಜ್ಜುವುದಲ್ಲ. ಹತ್ತಿಯ ಕಡ್ಡಿಯ ತುದಿಗೆ ಅವರೆಕಾಳಿಗಿಂತ ಚಿಕ್ಕದು ಮುಲಾಮು. ಟ್ಯೂಬಿನ ಬಾಯಿ ಹುಣ್ಣಿಗೆ ತಾಗುವಂತಿಲ್ಲ. ಕಡ್ಡಿ ಕಸಕ್ಕೆ. ಮೇಲೆ ಗಾಜ್ ಬಟ್ಟೆ, ಅಂಟುಪಟ್ಟಿ. ಮತ್ತೆ ಕೈ. ಅವಳ ಟವೆಲು ಬೇರೆ. ಫ್ರಿಜ್ಜಿನ ಮೇಲೆ ಚೀಟಿ: ದಿನಕ್ಕೆ ಮೂರು ಸಲ, ಐದು ದಿನ, ಹದಿನೈದು ಚೌಕ.

ನಾನು ಸಹಾಯಕ್ಕೆ ಹೆಬ್ಬೆರಳು ಚಾಚಿದೆ. ಮಗಳು ಚಮಚದಲ್ಲಿ ನನ್ನ ಕೈಗೆ ಹೊಡೆದಳು.

ಜನವರಿ 28, ಮಂಗಳವಾರ. ಸಂಜೆ 7

ಎರಡು ದಿನ ಬರೆಯಲು ಮನಸ್ಸಾಗಲಿಲ್ಲ. ಮ್ಯಾಟ್ ಒರೆಸಿದೆ, ಗೋಡೆ ಒರೆಸಿದೆ, ಬಾಗಿಲ ಹಿಡಿಯನ್ನೂ ಬಿಡಲಿಲ್ಲ.

ಬೆಳಿಗ್ಗೆ ಕೋರಾಳ ಕೈ ನೋಡಿದರೆ ಎಷ್ಟೋ ವಾಸಿ. "ಸಾಕು ಕಣೇ, ಹೋಗ್ಬಿಟ್ಟಿದೆ. ಇವತ್ತು ಅಭ್ಯಾಸಕ್ಕೆ ಇಳಿ" ಎಂದೆ.

"ಹತ್ತು ಚೌಕ ಆಗಿದೆ ಅಪ್ಪ. ಇನ್ನೂ ಐದಿದೆ."

"ಕಣ್ಣಿಗೆ ಕಾಣ್ತಾ ಇಲ್ವಲ್ಲ."

"ನಿಮ್ ಕಣ್ಣಿಗೆ ಟ್ಯೂಬಿನ ತಾರೀಖೂ ಕಾಣ್ಲಿಲ್ಲ."

ಅಂಥ ಮಾತಿಗೆ ನನ್ನಪ್ಪನಾಗಿದ್ದರೆ ಎರಡು ಬಿಗಿಯುತ್ತಿದ್ದ. ನನಗೆ ನಗು ಬಂತು. ಇವಳು ಯಾರ ಮಗಳು!

ಮಧ್ಯಾಹ್ನ ಡಾರ್ಬಿ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಗಲ್ಲದ ತುಂಬ ಬಟ್ಟೆ. "ಕೋಚ್, ಬಯ್ಬೇಡಿ. ನಂಗೆ ಅದು ಆಚೆ ಶನಿವಾರಕ್ಕೂ ಮುಂಚಿಂದ್ಲೇ ಇತ್ತು. ಬಸ್ಸಲ್ಲಿ ನೀವು ಕಥೆ ಹೇಳಿದ್ರಲ್ಲ... ಮನೆಗ್ ಹೋಗಿ ಉಗುರು ಉಜ್ಜೋ ಅರದಲ್ಲಿ ತಿಕ್ಕಿದೆ. ಬುಧವಾರ ಮೇಕಪ್ ಹಾಕ್ಕೊಂಡು ಬಂದೆ. ನೀವೂ ಹಂಗೇ ಮಾಡಿ ಮೆಡಲ್ ತಗೊಂಡ್ರಲ್ವಾ?"

ಹದಿನಾಲ್ಕು ವರ್ಷದ ಮಗು. ಬಯ್ಯಬೇಕಾದವನು ಅವಳೆದುರೇ ನಿಂತಿದ್ದ.

ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಕಥೆಯ ಉಳಿದ ಅರ್ಧ ಹೇಳಿದೆ. ಬಸ್ಸಿನಲ್ಲಿ ಯಾವತ್ತೂ ಹೇಳದ ಅರ್ಧ. ಆ ಮೂರನೆಯ ಸ್ಥಾನದ ಪಂದ್ಯದಲ್ಲಿ ನನ್ನ ಕೆನ್ನೆಗೆ ಕೆನ್ನೆ ಒತ್ತಿ ಆರು ನಿಮಿಷ ಸೆಣಸಿದ ಹುಡುಗ ಡೇಲ್ ಓಸ್ಬಿ. ಮುಂದಿನ ವಾರ ಅವನ ಮುಖದ ತುಂಬ ಹುಣ್ಣು. ತಂಡದ ಪಂದ್ಯಕ್ಕೆ ಬಿಡಲಿಲ್ಲ. ಅವನ ಊರು ಅವತ್ತು ಸೋತಿತು.

ಯಾರೂ ನಗಲಿಲ್ಲ. ಕೋರಾ ಕೇಳಿದಳು, "ಅವರಿಗೆ ಹೇಳಿದೀರಾ, ಕೋಚ್?" ಕುಸ್ತಿಯ ಕೋಣೆಯಲ್ಲಿ ಅವಳಿಗೆ ನಾನು ಅಪ್ಪ ಅಲ್ಲ.

ಇಲ್ಲ ಎಂದೆ. ಗೋಡೆಯ ಮೆಡಲು ತೆಗೆದು ಟೇಪಿನ ಡಬ್ಬದಲ್ಲಿ ಹಾಕಿದೆ. ಹೆಬ್ಬೆರಳಿನ ಶಾಸ್ತ್ರ ಮುಗಿಯಿತು ಅಂತಲೂ ಹೇಳಿದೆ. ಸಿಲ್ವಿ ಅತ್ತುಬಿಟ್ಟಳು.

ಜನವರಿ 30, ಗುರುವಾರ. ಬೆಳಿಗ್ಗೆ 6

ಕೋರಾಳ ಮಣಿಕಟ್ಟಿನ ಹತ್ತಿರ ಹೊಸ ಕೆಂಪು. ಮೂರು ಚಿಕ್ಕ ಗುಳ್ಳೆ. ನಿನ್ನೆ ಸಂಜೆ ಹದಿನೈದನೆಯ ಚೌಕಕ್ಕೆ ಗೀಟು ಎಳೆದಿದ್ದಳು. ಹಳೆಯ ಹುಣ್ಣು ಒಣಗಿ ಗುಲಾಬಿ ಬಣ್ಣ. ಈಗ ಇದು.

ಹೊಸದು ಎದ್ದರೆ ಸಹಿ ಇಲ್ಲ.

ಬರೆಯಲೇಬೇಕು, ಇಲ್ಲಿಯೂ ಬರೆಯದಿದ್ದರೆ ಮತ್ತೆಲ್ಲಿ. ನನ್ನ ಬಾಯಿಂದ ಬಂತು: "ನಿಮ್ಮಮ್ಮಂದು ಮುಖದ ಬಣ್ಣ ಸ್ವಲ್ಪ..." ಅಷ್ಟೇ. ಮುಂದೆ ಹೇಳಲಿಲ್ಲ. ಮೊನ್ನೆ ತಾನೇ ಹನ್ನೊಂದು ಮಕ್ಕಳ ಮುಂದೆ ಅಷ್ಟೆಲ್ಲ ಹೇಳಿದವನು!

ಕೋರಾ ನನ್ನನ್ನು ನೋಡಿದಳು. ಸಿಟ್ಟಿಲ್ಲ. ಅದೇ ಕಷ್ಟವಾಯಿತು. ಕೋಟು ಹಾಕಿಕೊಂಡು, ಟ್ರಕ್ಕಿನ ಕೀಲಿ ತೆಗೆದುಕೊಂಡು ಹೊರಟಳು. ಹಿಮದಲ್ಲಿ ಗಾಡಿ ಹಿಂದಕ್ಕೆ ತೆಗೆಯುವ ಸದ್ದು ಕೇಳಿಸಿತು. ವರ್ನಾ ಶಾಲೆಗೆ ಏಳಕ್ಕೆ ಬರುತ್ತಾರೆ.

ಅದೇ ದಿನ. 9:20

ವರ್ನಾ ಫೋನ್ ಮಾಡಿದರು. "ನಿನ್ ಮಗಳು ಬಾಗಿಲು ತೆಗೆಯೋಕೆ ಮುಂಚೆ ಬಂದು ಮೆಟ್ಟಿಲ ಮೇಲೆ ಕೂತಿದ್ಲು ಕಣೋ. ಮೈನಸ್ ಹನ್ನೆರಡು ಹೊರಗೆ! ಅದು ಅಂಟುಪಟ್ಟಿ ಮೈಗೆ ಆಗದೆ ಎದ್ದಿರೋ ಗುಳ್ಳೆ ಅನ್ಸತ್ತೆ, ಪಟ್ಟಿ ಅಚ್ಚು ಹೆಂಗಿದೆಯೋ ಹಂಗೇ ಇದೆ. ಆದ್ರೂ ನಾಳೆ ಡಾಕ್ಟರೇ ಹೇಳ್ಲಿ. ಅಲ್ಲೀತನಕ ಅದರ ಮೇಲೆ ಆ ಮುಲಾಮು ಹಚ್ಬೇಡಿ. ಬೇಡದ ಕಡೆಯೆಲ್ಲ ಹಚ್ತಾ ಹೋದ್ರೆ ಬೇಕಾದಾಗ ಅದು ಕೆಲಸಕ್ಕೆ ಬರಲ್ಲ. ಬರೀ ತರಚಿದ್ರೆ ಸೋಪು ನೀರು ಸಾಕು. ಕೇಳಿಸ್ತಾ, ಹೆಬ್ಬೆರಳ ದೊರೆ?"

ಕೇಳಿಸಿತು.

ಆಮೇಲೆ ದನಿ ತಗ್ಗಿಸಿ, "1989ರಲ್ಲಿ ಆ ಬಣ್ಣ ನಂಗೂ ಕಂಡಿತ್ತು ಮೈಲೋ. ನಾನು ಬಾಯಿ ಬಿಡ್ಲಿಲ್ಲ. ಈ ಹುಡುಗಿ ನಮ್ಮಿಬ್ಬರಿಗಿಂತ ವಾಸಿ" ಎಂದರು.

ಜನವರಿ 31, ಶುಕ್ರವಾರ. ಸಂಜೆ

ಸಹಿ ಆಯಿತು! ಕೋರಾಳದ್ದೂ ಸಿಲ್ವಿಯದ್ದೂ. ಗುಳ್ಳೆ ಅಂಟುಪಟ್ಟಿಯದೇ. ಡಾರ್ಬಿಗೆ ಇಲ್ಲ. ಉಜ್ಜಿದ್ದರಿಂದ ಗಾಯ ಇನ್ನೂ ಹಸಿ. ಅವಳ ಮುಂದೆ ಮಂಡಿಯೂರಿ, "ಇದು ನನ್ನ ತಪ್ಪು" ಎಂದೆ. "ನಂದೂ ಇದೆ ಕೋಚ್" ಎಂದಳು. ಇನ್ನು ಮೂರು ವರ್ಷ ಈ ಹುಡುಗಿ ನನ್ನ ಕೈಯಲ್ಲಿದ್ದಾಳೆ, ನನ್ನ ಪುಣ್ಯ.

ಮನೆಗೆ ಬಂದು ಡೇಲ್ ಓಸ್ಬಿಯ ನಂಬರು ಹುಡುಕಿದೆ. ನೆಬ್ರಾಸ್ಕಾದಲ್ಲಿ ಬೀಜದ ವ್ಯಾಪಾರ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ನಮ್ ಕೋಚ್ ಆ ವರ್ಷ ಎಲ್ಲರೆದುರು ನಂಗೆ ಬೈದಿದ್ರು," ಎಂದ. "ನೀನು ಸರಿಯಾಗಿ ಸ್ನಾನ ಮಾಡಲ್ಲ ಅಂತ. ನಾನೂ ಹಂಗೇ ಅಂದ್ಕೊಂಡಿದ್ದೆ, ಇವತ್ತಿನ ತನಕ."

ಕ್ಷಮಿಸು ಎಂದೆ. ಯೋಚನೆ ಮಾಡ್ತೀನಿ ಎಂದ. ಸರಿಯಾದ ಉತ್ತರ. ಫೋನು ಇಡುವ ಮುನ್ನ, "ನಿನ್ ಮಗಳ ತೂಕ ಎಷ್ಟು?" ಎಂದು ಕೇಳಿದ. ಹೇಳಿದೆ.

ಫೆಬ್ರವರಿ 1, ಶನಿವಾರ. ಬೆಳಿಗ್ಗೆ 8:30, ಪಂದ್ಯದ ಜಾಗ

ಚರ್ಮ ತೋರಿಸುವ ಸಾಲು. ಅರವತ್ತಕ್ಕೂ ಹೆಚ್ಚು ಹುಡುಗಿಯರು, ಕೈ ಚಾಚಿ, ಗಲ್ಲ ಎತ್ತಿ. ಟಾರ್ಚು ಹಿಡಿದ ರೆಫರಿ. ನನ್ನ ಕೈಯಲ್ಲಿ ಫಾರ್ಮು, ಬೆವರಿನಿಂದ ಮೂಲೆ ಒದ್ದೆ.

ಕೋರಾಳ ಸರದಿ. ರೆಫರಿ ಸರಸರನೆ ಮುಗಿಸುವ ಅವಸರದಲ್ಲಿದ್ದ. ಮುಂಗೈಯ ಗುಲಾಬಿ ಕಲೆಯ ಮೇಲೆ ಬೆಳಕು ಹಾದು ಮುಂದೆ ಹೋಗಿಯೇಬಿಟ್ಟಿತು. ಅವನಿಗೆ ಕಾಣಲೇ ಇಲ್ಲ!

ಕೋರಾ ಕೈ ಇಳಿಸಲಿಲ್ಲ. "ಸರ್, ಇಲ್ಲೊಂದಿದೆ. ಇಂಪೆಟೈಗೊ ಇತ್ತು. ಹೋದ ವಾರ ಶುಕ್ರವಾರ ಕಾಣ್ತು. ಮುಲಾಮು ದಿನಕ್ ಮೂರು ಸಲ, ಐದು ದಿನ. ಬುಧವಾರ ಒಣಗ್ತು. ಹೊಸದಿಲ್ಲ. ಮಣಿಕಟ್ಟಿಂದು ಅಂಟುಪಟ್ಟಿ ಗುಳ್ಳೆ. ಡಾಕ್ಟರ್ ಕಾಗದ ಅಲ್ಲಿದೆ."

ರೆಫರಿ ಟಾರ್ಚು ಹಿಂದಕ್ಕೆ ತಂದ. ಕಲೆ ನೋಡಿದ, ಗುಳ್ಳೆ ನೋಡಿದ, ಫಾರ್ಮು ಎರಡು ಸಲ ಓದಿದ. ಆಮೇಲೆ ಮತ್ತೆ ಕಲೆ.

"ಕೇಳದೇ ಇದ್ದಿದ್ದನ್ನೂ ಹೇಳ್ತೀಯಲ್ಲಮ್ಮ. ಯಾರು ಕಲಿಸಿದ್ದು?"

"ನಮ್ ಕೋಚ್" ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಕಲಿಸಿಲ್ಲ. ಆಣೆ ಮಾಡಿ ಬರೆಯುತ್ತೇನೆ, ನಾನು ಕಲಿಸಿಯೇ ಇಲ್ಲ. ರೆಫರಿ ಅವಳನ್ನು ಒಳಗೆ ಬಿಟ್ಟ. ನನ್ನ ಜನ್ಮದಲ್ಲಿ ಇಷ್ಟು ಎತ್ತರ ನಿಂತಿರಲಿಲ್ಲ — ಮೆಡಲು ಹಾಕಿಕೊಂಡ ದಿನವೂ.

10:50

ಕೋರಾ ಸೆಮಿಫೈನಲ್‌ಗೆ. ಇದು ಗೆದ್ದರೆ ರಾಜ್ಯಮಟ್ಟಕ್ಕೆ. ಸಿಲ್ವಿ ಸೋತಳು, ನಗುತ್ತಲೇ ಬಂದಳು. ಡಾರ್ಬಿ ತಂಡದ ಅಂಗಿ ತೊಟ್ಟು ಮೇಲಿನ ಕುರ್ಚಿ ಸಾಲಿನಲ್ಲಿ, ಯಾರನ್ನೂ ಮುಟ್ಟದೆ ಒಬ್ಬಳೇ ಕೂತು, ಹತ್ತು ಮಂದಿಯ ಕಿರುಚಾಟ ಅವಳೊಬ್ಬಳೇ ಕಿರುಚುತ್ತಿದ್ದಾಳೆ. ಫೋನಿನಲ್ಲಿ ಒಂದು ಸಂದೇಶ, ನೆಬ್ರಾಸ್ಕಾ ನಂಬರು: "ನೂರ ಇಪ್ಪತ್ತೈದರವಳು ಏನಾದಳು?"

ಉತ್ತರ ಇನ್ನೂ ಬರೆದಿಲ್ಲ. ಕೋರಾ ತಲೆಗವಸು ಬಿಗಿಯುತ್ತಾ ಬಂದು ನನ್ನ ಮುಂದೆ ನಿಂತಳು. ಮುಲಾಮು ಇಲ್ಲ ಕಣೇ ಎಂದೆ. "ಮುಲಾಮು ಯಾರ್ ಕೇಳಿದ್ರು? ಬರೀ ಹೆಬ್ಬೆರಳು" ಎಂದು ಹಣೆ ಮುಂದೆ ಮಾಡಿದಳು. ಆಮೇಲೆ ಸಟ್ಟನೆ ಹಿಂದೆ ಸರಿದಳು. "ತೊಳ್ಕೊಂಡ್ ಬನ್ನಿ ಮೊದ್ಲು!"

ಎರಡನೆಯ ಮ್ಯಾಟ್‌ಗೆ ಅವಳ ಹೆಸರು ಕರೆಯುತ್ತಿದ್ದಾರೆ. ಸೋಪು ಎಲ್ಲಿ... ಕೈ ತೊಳೆದು ಬರು—