ಬಲಕ್ಕೆ ಅಂದವಳು ನಾನೇ

ಜೂನ್ ೧೪, ಶನಿವಾರ

ಮಲಗಲು ಹೋದವಳು ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಬರೀ ಕಂಪ್ಯೂಟರ್ ಆಟ, ನಿಜ. ಆದರೂ.

ಮೂರು ವರ್ಷದಿಂದ ಪ್ರತಿ ಶನಿವಾರ ಇಪ್ಪತ್ತು ಜನರ ತಂಡವನ್ನು ಆ ಡ್ರ್ಯಾಗನ್ ಮೇಲೆ ನುಗ್ಗಿಸುವವಳು ನಾನು. ಯಾವ ಸೆಕೆಂಡಿಗೆ ಯಾರು ಎಲ್ಲಿರಬೇಕು ಎಂಬ ಪಟ್ಟಿ ಗೋಡೆಯ ಮೇಲಿದೆ. ನಾನು ಮೈಕಿನಲ್ಲಿ ಓದುತ್ತೇನೆ, ಅವರು ಓಡುತ್ತಾರೆ. ಇವತ್ತು ಆಟ ಅಪ್‌ಡೇಟ್ ಆಗಿತ್ತು. ಯಾವಾಗಲೂ ಎಡಕ್ಕೆ ಬೆಂಕಿ ಉಗುಳುತ್ತಿದ್ದ ಡ್ರ್ಯಾಗನ್ ಬಲಕ್ಕೆ ಉಗುಳಿತು. ಪಟ್ಟಿ ನೋಡುತ್ತಿದ್ದ ನಾನು "ಬಲಕ್ಕೆ!" ಅಂದೆ. ಕುರಿಮಂದೆಯ ಹಾಗೆ ಎಲ್ಲರೂ ಬೆಂಕಿಯೊಳಗೇ ಹೋದರು. ನಾನೂ.

"ಬೆಂಕಿ ಕಾಣಿಸ್ಲಿಲ್ವಾ?" ಎಂದು ತಂಡದ ಡ್ರೈವರಣ್ಣನನ್ನು ಮೈಕಿನಲ್ಲೇ ಕೇಳಿದೆ. ಹಗಲಿಡೀ ಬಸ್ ಓಡಿಸುವ ಮನುಷ್ಯ, ಅಡ್ಡ ಬಂದ ಬೆಕ್ಕನ್ನೂ ತಪ್ಪಿಸುವವನು.

"ಕಾಣಿಸ್ತು ಮೇಡಂ. ಆದ್ರೆ ನೀವು ಬಲಕ್ಕೆ ಅಂದ್ರಲ್ಲ!"

ಒಂದು ಹೆಜ್ಜೆ ಆಚೀಚೆ ಇಟ್ಟರೂ ಬೈದು ಬೈದು ಇವರನ್ನು ಹೀಗೆ ಪಳಗಿಸಿದವಳು ನಾನೇ ಅಲ್ಲವೇ?

ಬದುಕಿದ್ದು ಗುಬ್ಬಿ ಒಬ್ಬಳೇ, ಹೋದ ವಾರ ಸೇರಿದವಳು. ಎಡಕ್ಕೆ ಓಡಿ, ಬೂದಿಯ ನಡುವೆ ಒಂಟಿಯಾಗಿ ನಿಂತಿದ್ದಳು. ಶಭಾಷ್ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಅವಳ ಮೆಸೇಜು ಬಂತು: "ತಪ್ಪಾಯ್ತು ಅಕ್ಕಾ, ಬೈಬೇಡಿ. ಹೆಡ್‌ಫೋನ್ ಕೆಟ್ಟೋಗಿದೆ. ನೀವು ಹೇಳಿದ್ದು ಕೇಳಿಸ್ಲೇ ಇಲ್ಲ."