ಕುರಿದೊಡ್ಡಿಯ ಏರಿಗೆ ಎಷ್ಟು ಹಲ್ಲು

ಆಫ್ಟನ್, ವಯೋಮಿಂಗ್
ಜನವರಿ ೧೧, ೨೦೦೯, ಭಾನುವಾರ

ಸರೋವರದ ನಾಡಿನಲ್ಲಿರುವ ಹಾರ್ಲನ್‌ಗೆ,

ನಿನ್ನ ಪತ್ರ ಬಂದದ್ದು ಬುಧವಾರ. ಉತ್ತರ ಬರೆಯಲು ಕೂತದ್ದು ಇವತ್ತು, ಚರ್ಚಿನಿಂದ ಬಂದು ಊಟ ಮುಗಿಸಿದ ಮೇಲೆ. ನೀನು ಮಿನೆಸೋಟಕ್ಕೆ ಹೋದಾಗಿನಿಂದ ಕ್ರಿಸ್‌ಮಸ್ ಕಾರ್ಡುಗಳಲ್ಲಿ ಸಹಿಯ ಮೇಲೆ ಬರೆದ ಮಾತುಗಳನ್ನೆಲ್ಲ ಸೇರಿಸಿದರೂ ಈ ಒಂದು ಪತ್ರದಷ್ಟು ಆಗಲಿಕ್ಕಿಲ್ಲ. ಅದರಲ್ಲೂ ಮುಕ್ಕಾಲು ಪಾಲು ಗೇರಿನ ವಿಷಯ. ಫೆಬ್ರವರಿಯಲ್ಲಿ ಹಳೇ ಸ್ನೋಮೊಬೈಲನ್ನು ಟ್ರೇಲರಿಗೆ ಹೇರಿಕೊಂಡು ಬರುತ್ತೇನೆ, ಕುರಿದೊಡ್ಡಿ ಕಣಿವೆಯನ್ನು ಇನ್ನೊಂದು ಸಲ ಹತ್ತಬೇಕು, ಚೈನಿನ ಚಕ್ರಗಳಿಗೆ ಎಷ್ಟೆಷ್ಟು ಹಲ್ಲಿರಬೇಕು ಎಂದು ಕೇಳಿದ್ದೀಯ. ತಮ್ಮ ವಾನ್‌ಗೆ ಓದಿ ಹೇಳಿದೆ. ಅವನು ಬೂಟಿನ ಹಿಮ ಕೊಡವುತ್ತಾ ನಿಂತಿದ್ದವನು, "ಇಷ್ಟು ವರ್ಷ ಬಿಟ್ಟು ಹೆಂಡ್ತಿಗೆ ಕೇಳೋ ಪ್ರಶ್ನೆ ಇದೇನಾ? ಬರ್ಲಿ ಬಿಡು. ಕುಂಟರು ಇಬ್ರಾಗ್ತೀವಿ" ಎಂದ.

ಮೊದಲು ಕೆಲಸದ ಮಾತು ಮುಗಿಸುತ್ತೇನೆ. ಮೇಲಿನ ಚಕ್ರಕ್ಕೆ ಹತ್ತೊಂಬತ್ತು ಹಲ್ಲು, ಕೆಳಗಿನದಕ್ಕೆ ನಲವತ್ತೊಂದು. ಈಗ ಮೇಲೆ ಇಪ್ಪತ್ನಾಲ್ಕು ಇದೆ ಎಂದು ಬರೆದಿದ್ದೀಯ. ಹೆಪ್ಪುಗಟ್ಟಿದ ಸರೋವರದ ಮೇಲೆ, ಮೀನು ಹಿಡಿಯುವವರ ಗುಡಿಸಲುಗಳ ನಡುವೆ ಹಾರಿಕೊಂಡು ಹೋಗಲು ಅದು ಸರಿ. ಇಲ್ಲಿ ಒಂಬತ್ತು ಸಾವಿರ ಅಡಿ ದಾಟಿದರೆ ಇಂಜಿನ್ನಿಗೂ ನಮ್ಮ ಹಾಗೆಯೇ ಏದುಸಿರು ಬರುತ್ತದೆ. ಇದ್ದ ಬಲದಲ್ಲಿ ಕಾಲು ಭಾಗ ತೆಳು ಗಾಳಿಗೇ ಹೋಗುತ್ತದೆ. ಉಳಿದದ್ದರಲ್ಲಿ ಸೊಂಟದಾಳದ ಪುಡಿ ಹಿಮದೊಳಗೆ ಬಂಡಿಯನ್ನು ನೂಕುವ ರಬ್ಬರ್ ಪಟ್ಟಿ ತಿರುಗಬೇಕು. ಮೇಲಿನ ಚಕ್ರ ದೊಡ್ಡದಾದರೆ ಕ್ಲಚ್ ಅರ್ಧದಲ್ಲೇ ಒದ್ದಾಡುತ್ತದೆ, ಬೆಲ್ಟು ಉಜ್ಜಿ ಉಜ್ಜಿ ಕಾದು ಸುಟ್ಟ ವಾಸನೆ ಬರುತ್ತದೆ. ಮೇಲೆ ಹಲ್ಲು ಕಡಿಮೆಯಾದಷ್ಟೂ ಎಳೆಯುವ ಬಲ ಹೆಚ್ಚು, ವೇಗ ಇರುವುದಿಲ್ಲ, ನಿಜ. ಆದರೆ ಈ ಬೆಟ್ಟಗಳಲ್ಲಿ ನೂರು ಮೈಲಿ ವೇಗ ಯಾರಿಗೆ ಬೇಕು? ಇಪ್ಪತ್ತರಲ್ಲಿ ಹೋದರೂ ನಿಲ್ಲದೆ ಹೋಗಬೇಕು, ಅಷ್ಟೆ. ಚಕ್ರ ಬದಲಾಯಿಸಿದರೆ ಚೈನಿನ ಉದ್ದವೂ ಬದಲಾಗುತ್ತದೆ, ಹಳೆಯದನ್ನೇ ಎಳೆದು ಕೂರಿಸಬೇಡ. ನಿನಗೆ ಆ ಅಭ್ಯಾಸ ಉಂಟು.

ಇದನ್ನೆಲ್ಲ ನಿನಗೆ ಮೊದಲ ಸಲ ಹೇಳಿದ್ದು ನೆನಪಿದೆಯೇ? ಗ್ರೇಸ್ ನದಿಯ ದಾರಿ ಮುಗಿಯುವಲ್ಲಿ, ಟ್ರಕ್ಕುಗಳು ನಿಲ್ಲುವ ಬಯಲಿನಲ್ಲಿ. ಎಂಬತ್ತೈದರ ಚಳಿಗಾಲ. ನೀನು ಯಾರದೋ ಮದುವೆಗೆಂದು ಬಂದವನು, ನಿನ್ನ ಹಿಮದ ಬಂಡಿಯನ್ನೂ ತಂದಿದ್ದೆ. ಕಪ್ಪು ಬಣ್ಣ, ಕೆಂಪು ಪಟ್ಟೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನಪ್ಪ ಟ್ರಕ್ಕಿನ ಬಾಗಿಲಿಗೆ ಒರಗಿ ನಿನ್ನನ್ನು ನೋಡುತ್ತಲೇ ಇದ್ದರು. "ಕೆರೆ ಮೇಲೆ ಓಡ್ಸೋ ಗಾಡಿ ತಂದಿದ್ದಾನೆ" ಎಂದರು. "ಬೆಟ್ಟ ಇವ್ನಿಗೋಸ್ಕರ ಮಟ್ಟ ಆಗುತ್ತೆ ಅಂತ ಕಾಯ್ತಾನೋ ಏನೋ." ಅವತ್ತಿನಿಂದ ನಿನಗೆ ಕೆರೆಯವನು ಎಂಬ ಹೆಸರು ಅಂಟಿತು.

ನೀನು ನನ್ನ ಬಂಡಿಯ ಸುತ್ತ ಒಂದು ಸುತ್ತು ಬಂದು, ಬಹಳ ಮರ್ಯಾದೆಯಿಂದ ಕೇಳಿದೆ: "ಇದು ಎಷ್ಟು ಸ್ಪೀಡ್ ಹೋಗುತ್ತೆ ಮೇಡಂ?"

"ನೀವು ಸಿಕ್ಕಿಹಾಕ್ಕೊಳ್ಳೋ ಜಾಗದವರೆಗೂ ಹೋಗುತ್ತೆ" ಎಂದಿದ್ದೆ.

ಮಧ್ಯಾಹ್ನಕ್ಕೆ ಸರಿಯಾಗಿ ನೀನು ಸಿಕ್ಕಿಹಾಕಿಕೊಂಡೆ, ನಾನು ಬಂದೆ. ಹಗ್ಗ ಕಟ್ಟಿ ಎಳೆಯುವಾಗ ನಿನಗೆ ನಾಚಿಕೆಯಾಗಲಿಲ್ಲ, ನಗು ಬಂತು. ಅದಕ್ಕೇ ನಿನ್ನನ್ನು ಊಟಕ್ಕೆ ಕರೆದದ್ದು. ನಮ್ಮ ಚರ್ಚಿನಲ್ಲಿ ಕಾಫಿ ನಿಷಿದ್ಧ, ಮನೆಯಲ್ಲಿ ಇಡುವುದಿಲ್ಲ ಎಂದು ತಿಳಿದು ನೀನು ಟ್ರಕ್ಕಿನಲ್ಲಿ ಕೂತು ಫ್ಲಾಸ್ಕಿನಿಂದ ಕುಡಿದು ಬಂದದ್ದನ್ನು ಅಪ್ಪ ಕಿಟಕಿಯಿಂದ ನೋಡಿದ್ದರು. ನೀನು ಒಳಗೆ ಬಂದಾಗ, "ಹೊರಗೆ ಚಳಿ ಜಾಸ್ತಿ ಇತ್ತಾ?" ಎಂದು ಮಾತ್ರ ಕೇಳಿದರು.

ಮದುವೆಯಾಗಿ ನೀನು ಇಲ್ಲೇ ನಿಂತ ಮೇಲಿನ ವರ್ಷಗಳನ್ನು ನಾನು ಈಗಲೂ ವಾಸನೆಯಿಂದಲೇ ನೆನೆಸಿಕೊಳ್ಳುತ್ತೇನೆ. ವರ್ಕ್‌ಶಾಪಿನ ಸೀಮೆಎಣ್ಣೆ ಒಲೆ, ಎರಡು ಸ್ಟ್ರೋಕ್ ಇಂಜಿನ್ನಿನ ನೀಲಿ ಹೊಗೆ, ಒಲೆಯ ಮೇಲೆ ಕಾಯುತ್ತಿದ್ದ ಎಲ್ಕ್ ಜಿಂಕೆಯ ಮಾಂಸದ ಸಾಸೇಜು. ಈಗಿನ ಬಂಡಿಗಳು ಹೊಗೆಯನ್ನೇ ಬಿಡುವುದಿಲ್ಲ. ರಿಪೇರಿಗೆ ಬಂದವರು ಪರದೆಯಲ್ಲಿ ಏನೋ ಅಂಕಿ ತೋರಿಸುತ್ತಾರೆ. ಕೈಗೆ ಎಣ್ಣೆ ಮಾತ್ರ ಮೊದಲಿನ ಹಾಗೆಯೇ ಅಂಟುತ್ತದೆ.

ಇನ್ನು ನಿನ್ನ ಪತ್ರದ ಉಳಿದ ಕಾಲು ಭಾಗಕ್ಕೆ ಬರುತ್ತೇನೆ. "ನೀನು ವಾನ್‌ನನ್ನು ಕರ್ಕೊಂಡು ಹೋದ ದಿನ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಆ ದಿನವನ್ನು ನೀನು ಕೆಳಗಿನಿಂದ ಕಂಡಿದ್ದೀಯ. ನಾನು ಮೇಲಿನಿಂದ ಕಂಡದ್ದನ್ನು ಹೇಳುತ್ತೇನೆ. ಕೊನೆಯವರೆಗೂ ಓದು.

ಹಿಂದಿನ ದಿನ ಚೀಸ್ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ನೇರ ಓಟದ ಪಂದ್ಯವಿತ್ತು. ಅದಕ್ಕಾಗಿ ನೀನು ದೊಡ್ಡ ಚಕ್ರ ಹಾಕಿ ಗೆದ್ದೆ. ಬೆಳಗ್ಗೆ ಕುರಿದೊಡ್ಡಿಗೆ ಹೊರಟಾಗ ಅದನ್ನು ಬಿಚ್ಚಲಿಲ್ಲ. "ನಾಳೆ ಬಿಚ್ಚಿದ್ರಾಯ್ತು, ಹಿಮ ಗಟ್ಟಿ ಇದೆ" ಎಂದೆ. ನೀನೂ ವಾನೂ ಮೊದಲು ಹೋದಿರಿ. ನಾನು ರಿಪೇರಿ ಅಂಗಡಿ ಮುಚ್ಚಿ ಬಂದು ದಿಬ್ಬದ ನೆತ್ತಿಯಿಂದ ಕೆಳಗೆ ನೋಡಿದಾಗ ಆ ಬೋಗುಣಿಯಂಥ ಕಣಿವೆಯ ತಳದಲ್ಲಿ ವಾನ್‌ನ ಬಂಡಿ ಫರ್ ಮರಕ್ಕೆ ತಲೆ ಕೊಟ್ಟು ನಿಂತಿತ್ತು. ಏರಿನ ಅರ್ಧದಲ್ಲಿ ನಿನ್ನ ಬಂಡಿ, ಅದರ ಸುತ್ತ ಹೊಗೆ. ಮುರಿದ ಕಾಲಿನ ವಾನ್‌ನನ್ನು ಹಿಂದೆ ಕೂರಿಸಿಕೊಂಡು ಹತ್ತಲು ನೋಡಿ ಒಂದು ಬೆಲ್ಟು ಸುಟ್ಟಿದ್ದೆ, ಬದಲಿ ಬೆಲ್ಟನ್ನೂ ಸುಟ್ಟಿದ್ದೆ. ನನ್ನ ಬೆಲ್ಟು ನಿನ್ನ ಬಂಡಿಗೆ ಕೂರುವುದಿಲ್ಲ. ಇಳಿದು ಬಂದೆ. ವಾನ್‌ನ ಮುಖ ಬಿಳುಚಿಕೊಂಡಿತ್ತು. ನನ್ನ ಬಂಡಿಯಲ್ಲಿ ಇನ್ನೊಬ್ಬರಿಗೆ ಮಾತ್ರ ಜಾಗ.

ನಾನು ಏನೂ ಕೇಳುವ ಮೊದಲೇ ನೀನು ಅವನನ್ನು ನನ್ನ ಬೆನ್ನಿಗೆ ಹಗ್ಗದಿಂದ ಬಿಗಿಯುತ್ತಿದ್ದೆ. "ಹೊರಡು. ಇವನ ಕಾಲು ಕಾಯಲ್ಲ, ನಾನು ಕಾಯ್ತೀನಿ" ಎಂದೆ. ಆಮೇಲೆ ನನ್ನ ಬಂಡಿಯ ಚೈನಿನ ಡಬ್ಬಿಯನ್ನು ಕೈಯಿಂದ ತಟ್ಟಿ, "ಈ ಹಲ್ಲುಗಳನ್ನ ನೋಡಿ ಎಷ್ಟು ನಗಾಡಿದ್ದೆ ಅಲ್ವಾ" ಎಂದೆ.

ಆ ಏರನ್ನು ನಾವು ಮನುಷ್ಯ ನಡೆಯುವ ವೇಗದಲ್ಲಿ ಹತ್ತಿದೆವು. ಇಂಜಿನ್ ಕೂಗುತ್ತಿತ್ತು, ಬಂಡಿ ಮಾತ್ರ ಹಸುವಿನ ಹಾಗೆ ಹೆಜ್ಜೆ ಹಾಕುತ್ತಿತ್ತು. ಎಲ್ಲೂ ನಿಲ್ಲಲಿಲ್ಲ. ನೆತ್ತಿಯಲ್ಲಿ ಒಂದು ಸಲ ಹಿಂತಿರುಗಿ ನೋಡಿದೆ. ನೀನು ಆಗಲೇ ಬಂಡಿಯ ಸ್ಕೀ ಹಲಗೆ ಬಿಚ್ಚಿ, ಅದರಿಂದ ಹಿಮದಲ್ಲಿ ಮರೆಗೆ ಗುಂಡಿ ತೋಡುತ್ತಿದ್ದೆ.

ಇಲ್ಲಿಯವರೆಗಿನದು ನಿನಗೆ ಗೊತ್ತು. ಮುಂದಿನದು ಗೊತ್ತಿಲ್ಲ.

ದಾರಿಯ ತುದಿಯಲ್ಲಿ ಅಪ್ಪ ಇದ್ದರು. ವಾನ್‌ನನ್ನು ಪಕ್ಕದ ಮನೆಯವರ ಟ್ರಕ್ಕಿನಲ್ಲಿ ಆಸ್ಪತ್ರೆಗೆ ಕಳಿಸಿ, ಅಪ್ಪ ತಮ್ಮ ಬಂಡಿ ಇಳಿಸಿದರು. ಇಬ್ಬರೂ ನಿನಗಾಗಿ ಹಿಂದಕ್ಕೆ ಹೊರಟೆವು. ನೆತ್ತಿ ತಲುಪುವಷ್ಟರಲ್ಲಿ ಕತ್ತಲಾಗುತ್ತಿತ್ತು, ಗಾಳಿ ಎದ್ದಿತ್ತು. ನಾನು ಹತ್ತಿಬಂದ ಜಾಡು ಪೂರ್ತಿ ಮುಚ್ಚಿಹೋಗಿ, ಏರಿನ ಮೇಲೆ ಹೊಸ ಹಿಮ ದಿಂಬಿನ ಹಾಗೆ ಉಬ್ಬಿ ಕೂತಿತ್ತು. ನಾನು ಇಳಿಯಲು ಹೊರಟಾಗ ಬಂಡಿಯ ಮೂತಿಯ ಮುಂದೆ ಹಿಮದಲ್ಲಿ ಉದ್ದಕ್ಕೆ ಒಂದು ಬಿರುಕು ಬಿಟ್ಟಿತು. ಅಪ್ಪ ಕೈ ಚಾಚಿ ನನ್ನ ಬಂಡಿಯ ಕೀಲಿ ಕಿತ್ತುಕೊಂಡರು.

"ಬಿಡಿ ಅಪ್ಪ, ಅವ್ನು ಕೆಳಗಿದ್ದಾನೆ" ಎಂದೆ.

"ಗೊತ್ತು ಕಣಮ್ಮ. ನಾವಿಳಿದ್ರೆ ಈ ಹಿಮ ನಮಗಿಂತ ಮುಂಚೆ ಅವನ ಹತ್ರ ಹೋಗುತ್ತೆ."

ರಕ್ಷಣೆಯವರಿಗೆ ರೇಡಿಯೋದಲ್ಲಿ ಹೇಳಿದೆವು. ಬೆಳಕಾದ ಮೇಲೆ ಕೆಳಗಿನ ಕಮರಿಯ ಕಡೆಯಿಂದಷ್ಟೇ ಬರಲು ಸಾಧ್ಯ ಎಂದರು. ಅಪ್ಪ ನನ್ನನ್ನು ಮನೆಗೆ ಕಳಿಸಲು ನೋಡಿದರು. ನಾನು ಹೋಗಲಿಲ್ಲ. ಆಮೇಲೆ ಅವರೂ ಹೋಗಲಿಲ್ಲ. ಇಬ್ಬರೂ ನೆತ್ತಿಯ ಬಂಡೆಯ ಮರೆಯಲ್ಲಿ ಕೂತೆವು. ಪೆಟ್ರೋಲು ಉಳಿಯಬೇಕಲ್ಲ, ಅದಕ್ಕೆ ಸ್ವಲ್ಪ ಹೊತ್ತು ಅವರ ಬಂಡಿ, ಸ್ವಲ್ಪ ಹೊತ್ತು ನನ್ನದು ಚಾಲೂ ಮಾಡಿ, ದೀಪವನ್ನು ನಿನ್ನ ಕಡೆಗೆ ತಿರುಗಿಸಿ ಇಡುತ್ತಿದ್ದೆವು. ನಿನ್ನ ಹೆಸರು ಹಿಡಿದು ಕೂಗಿದೆ, ಗಾಳಿ ನನ್ನ ಬಾಯಿಗೇ ತಿರುಗಿಸಿ ತುರುಕುತ್ತಿತ್ತು. ಅಪ್ಪ ಪ್ರಾರ್ಥನೆ ಮಾಡಿದರು. ಅವರು ನಿನ್ನನ್ನು ಕೆರೆಯವನು ಎನ್ನದೆ ಹಾರ್ಲನ್ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ, ದೇವರ ಮುಂದೆ.

ನಿನ್ನ ಪತ್ರದ ಕೊನೆಯಲ್ಲಿ ಬರೆದಿದ್ದೀಯ, ಆ ರಾತ್ರಿ ದಿಬ್ಬದ ಮೇಲೆ ಆಗಾಗ ಒಂದು ಬೆಳಕು ಕಾಣುತ್ತಿತ್ತು, ಚಳಿಗೆ ತಲೆ ಕೆಟ್ಟಿರಬೇಕು ಎಂದುಕೊಂಡೆ, ಯಾರಿಗೂ ಹೇಳಲಿಲ್ಲ ಎಂದು. ಆ ಸಾಲನ್ನು ವಾನ್‌ಗೆ ಓದಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡು ನಾನೊಬ್ಬಳೇ ಎಷ್ಟೋ ಸಲ ಓದಿದೆ.

ತಲೆ ಕೆಟ್ಟಿರಲಿಲ್ಲ ಹಾರ್ಲನ್. ಅದು ನಾನು.

ಬೆಳಗಾದ ಮೇಲೆ ನಿನ್ನ ಗುಂಡಿಯಿಂದ ನೂಲಿನಂಥ ಹೊಗೆ ಎದ್ದದ್ದು ಕಂಡಿತು. ಕಮರಿಯ ಕಡೆಯಿಂದ ರಕ್ಷಣೆಯವರು ಇರುವೆಗಳ ಹಾಗೆ ಬಂದು ನಿನ್ನನ್ನು ಆ ದಾರಿಯಲ್ಲೇ ಇಳಿಸಿಕೊಂಡು ಹೋದರು. ನಾವು ನಮ್ಮ ದಾರಿಯಲ್ಲಿ ಇಳಿದು ಆಸ್ಪತ್ರೆಗೆ ಬರುವಷ್ಟರಲ್ಲಿ ನಿನ್ನ ಸುತ್ತ ಊರಿನ ಅರ್ಧ ಜನ. ನರ್ಸು ನಿನ್ನ ಹಿಮ ಕಚ್ಚಿ ಕಪ್ಪಾದ ಕಾಲ್ಬೆರಳುಗಳಿಗೆ ಪಟ್ಟಿ ಸುತ್ತುತ್ತಿದ್ದಳು. ನೀನು ನನ್ನನ್ನು ನೋಡಿ ನಕ್ಕು, "ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಎಂದೆ. ಎಲ್ಲರೂ ನಕ್ಕರು. ತಮಾಷೆಗೆ ಅಂದದ್ದು ಎಂದು ನನಗೆ ಆಗಲೂ ಗೊತ್ತಿತ್ತು. ಆದರೆ ನನ್ನ ರೆಪ್ಪೆಯ ಮೇಲಿನ ಹಿಮ ಇನ್ನೂ ಕರಗಿ ಮುಗಿದಿರಲಿಲ್ಲ.

"ಬಂತು" ಎಂದೆ.

ಅಪ್ಪ ಬಾಯಿ ತೆರೆದರು. ನಾನು ಅವರನ್ನು ನೋಡಿದೆ, ಮುಚ್ಚಿಕೊಂಡರು. ಅವರು ತೀರಿಕೊಳ್ಳುವವರೆಗೂ ಆ ಮಾತು ಹೊರಬರಲಿಲ್ಲ.

ಆಮೇಲೆ ನೀನು ಯಾವತ್ತೂ ದೊಡ್ಡ ಚಕ್ರ ಹಾಕಲಿಲ್ಲ. ಪಂದ್ಯಕ್ಕೂ ಹೋಗಲಿಲ್ಲ. ನನಗೆ ಅದು ಸಮಾಧಾನ ತರಬೇಕಿತ್ತು, ತರಲಿಲ್ಲ. ಮೇಜಿನ ಎದುರು ಬದುರು ಕೂತು ಆಲೂಗಡ್ಡೆ ಬಡಿಸಿಕೊಳ್ಳುವಾಗ, ಆ ರಾತ್ರಿ ನಾನು ಬರಲಿಲ್ಲವೆಂದು ನೀನು ಸುಮ್ಮನಿದ್ದೀಯ ಎಂದು ನನಗೆ ಅನಿಸುತ್ತಿತ್ತು. ನಿನ್ನ ಬಂಡಿ ಆ ಏರು ಹತ್ತಲಿಲ್ಲವೆಂದು ನಾನು ಸುಮ್ಮನಿದ್ದೇನೆ ಎಂದು ನಿನಗೆ ಅನಿಸಿತ್ತೋ ಏನೋ. ನಿನ್ನ ತಾಯಿಗೆ ಕಾಯಿಲೆಯೆಂದು ನೀನು ಹೊರಟಾಗ ಇಬ್ಬರೂ ಬಾಗಿಲಲ್ಲಿ ನಿಂತು ಟ್ರಕ್ಕಿನ ಟೈರಿನ ಬಗ್ಗೆ ಮಾತಾಡಿದೆವು. ಅವರು ತೀರಿಹೋದ ಮೇಲೂ ನೀನು ಅಲ್ಲೇ ಉಳಿದೆ. ನಾನು ಬಾ ಎನ್ನಲಿಲ್ಲ, ನೀನು ಬರಲಾ ಎನ್ನಲಿಲ್ಲ. ವಿಚ್ಛೇದನದ ಕಾಗದವನ್ನೂ ಇಬ್ಬರಲ್ಲಿ ಯಾರೂ ತರಲಿಲ್ಲ. ಅದು ಸೋಮಾರಿತನ ಎಂದು ವಾನ್ ಹೇಳುತ್ತಾನೆ. ನಾನು ಒಪ್ಪುವುದಿಲ್ಲ.

ಈ ವರ್ಷ ಹಿಮ ಚೆನ್ನಾಗಿ ಬಿದ್ದಿದೆ. ಬೇಲಿಯ ಕಂಬಗಳು ಮುಳುಗಿವೆ. ಫೆಬ್ರವರಿ ಮಧ್ಯದ ಹೊತ್ತಿಗೆ ಕುರಿದೊಡ್ಡಿಯ ಹಿಮ ಗಟ್ಟಿಯಾಗಿರುತ್ತದೆ. ಆಗ ಬಾ. ಮೋಟೆಲ್ ಹುಡುಕುತ್ತೇನೆ ಎಂದು ಬರೆದಿದ್ದೀಯ, ಆ ತೊಂದರೆ ತೆಗೆದುಕೊಳ್ಳಬೇಡ. ಮನೆಯಲ್ಲಿ ಕಾಫಿ ಇದೆ, ತಂದಿಟ್ಟಿದ್ದೇನೆ. ಬಿಷಪ್‌ಗೆ ಹೇಳುವುದು ನನಗೆ ಬಿಟ್ಟದ್ದು.

ಕಾನೂನಿನ ಮಟ್ಟಿಗಾದರೂ ನಿನ್ನವಳು,
ಟ್ವೈಲಾ

ಮತ್ತೆ: ಇದನ್ನು ಬರೆಯಲು ಮರೆತೆ ಎನ್ನಬಹುದಿತ್ತು, ಮರೆತಿರಲಿಲ್ಲ. ಅಕ್ಟೋಬರಿನಲ್ಲಿ ನನ್ನ ಬಲಗೈ ಹೆಬ್ಬೆರಳಿನ ಕೀಲಿಗೆ ಆಪರೇಷನ್ ಆಯಿತು. ಇಷ್ಟು ವರ್ಷ ಸ್ಪ್ಯಾನರ್ ತಿರುಗಿಸಿ ಸವೆದುಹೋಗಿತ್ತು. ಈಗ ನೋವಿಲ್ಲ, ಪೆನ್ನು ಹಿಡಿಯಬಹುದು, ಆದರೆ ಬೆರಳು ಬಾಗುವುದಿಲ್ಲ, ಬಂಡಿಗೆ ವೇಗ ಕೊಡುವ ಥ್ರಾಟಲ್ ಒತ್ತಲಾಗುವುದಿಲ್ಲ. ನನ್ನದನ್ನು ಮಾರಿಬಿಟ್ಟೆ. ಆದ್ದರಿಂದ ಮೇಲಿನ ಚಕ್ರಕ್ಕೆ ಹತ್ತೊಂಬತ್ತು ಬೇಡ, ಹದಿನೆಂಟು ಹಾಕು. ನಾನು ಹೇಳಿದ್ದು ಒಬ್ಬರ ಭಾರದ ಲೆಕ್ಕ.