ಏಳನೇ ಹಾಡಿನ ವಿಷಯ

ಮನೆಯಿಂದ
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಹಟಮಾರಿ ಯಜಮಾನರಿಗೆ ಪ್ರೀತಿಯ ನಮಸ್ಕಾರ.

ಗಂಟಲು ಹೇಗಿದೆ? ಹೊಲಿಗೆ ಬಿಚ್ಚಿದ ಜಾಗದಲ್ಲಿ ಉರಿ ಕಡಿಮೆಯಾಯಿತೆ? ಇನ್ನೂ ಮೂರು ವಾರ ಪಿಸುಮಾತೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ನೀವು ನೋಡಿದರೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಗುನುಗುತ್ತೀರಂತೆ! ಅತ್ತಿಗೆ ಎಲ್ಲ ಹೇಳಿದರು. ತನ್ನ ಮನೆಯಲ್ಲೇ ಇರುವ ತಮ್ಮನ ಕಳ್ಳತನ ಅಕ್ಕನಿಗೆ ತಿಳಿಯದೆ ಇರುತ್ತದೆಯೇ? ಮಾತು ಬರುತ್ತದೆ, ಹಾಡಿನ ಆಸೆ ಮಾತ್ರ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ ದಿನ ನೀವು ಗೋಡೆಯ ಕಡೆ ತಿರುಗಿ ಮಲಗಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಆದರೂ ಹೇಳುತ್ತೇನೆ, ಮಾತನ್ನಾದರೂ ಉಳಿಸಿಕೊಳ್ಳಿ. ನನ್ನ ಜೊತೆ ಜಗಳವಾಡುವುದಕ್ಕಾದರೂ ಬೇಕಲ್ಲ. ಫೋನಿನಲ್ಲಿ ನಾನೊಬ್ಬಳೇ ಒದರುವುದು, ನೀವು ಆ ಕಡೆ ಬರೀ ಉಸಿರು ಬಿಡುವುದು ನನಗೆ ಸಾಕಾಗಿಹೋಗಿದೆ. ಅದಕ್ಕೇ ಈ ಕಾಗದ.

ಈಗ ಸುದ್ದಿ. ಆಲ್ಬಮ್ ಮುಗಿಯಿತು ರೀ! ನಿನ್ನೆ ಸಂಜೆ ಕೊನೆಯ ಹಾಡಿನ ಕೊನೆಯ ಪೆಟ್ಟು ಬಿತ್ತು. ನಿಮ್ಮ ಬ್ಯಾಂಡಿನ ಮೂವರೂ ಮಕ್ಕಳ ಹಾಗೆ ತಬ್ಬಿಕೊಂಡರು. ಆದರೆ ಮೊದಲ ದಿನದ ಫಜೀತಿ ಕೇಳಬೇಕು ನೀವು. ಗಿಟಾರಿನ ಮೇಷ್ಟ್ರು, ಬೇಸ್ ನುಡಿಸುವ ಮೌನಿ, ಡ್ರಮ್ಸಿನ ಗುಡುಗಣ್ಣ, ಮೂವರನ್ನೂ ಬೇರೆ ಬೇರೆ ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ರೆಕಾರ್ಡಿಂಗ್ ಮಾಡುವ ಹೆಂಗಸು ಶುರು ಮಾಡಿ ಎಂದರು. ಯಾರೂ ಶುರು ಮಾಡಲಿಲ್ಲ. ಮತ್ತೆ ಹೇಳಿದರು. ಊಹೂಂ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. "ಯಾಕ್ರೀ, ಏನಾಯ್ತು?" ಎಂದು ಆಕೆ ಕೇಳಿದರೆ ಗುಡುಗಣ್ಣ, "ಅವನು ಇನ್ನೂ ಹೂಂ ಅನ್ಲಿಲ್ವಲ್ಲ" ಎನ್ನಬೇಕೆ! ಬೇರೆ ಬ್ಯಾಂಡಿನವರು ಒಂದು ಎರಡು ಮೂರು ಎಣಿಸಿ ಹೊರಡುತ್ತಾರೆ. ನಮ್ಮವರಿಗೆ ಮೂವತ್ತನಾಲ್ಕು ವರ್ಷದಿಂದ ನಿಮ್ಮ ಹೂಂ ಬಿಟ್ಟರೆ ಗತಿಯಿಲ್ಲ. ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ನನಗೆ ರೇಗಿಹೋಯಿತು. ಮೈಕಿನ ಹತ್ತಿರ ಹೋಗಿ, ನಿಮ್ಮ ಹಾಗೆಯೇ ಮೂಗಿನಲ್ಲಿ, ಹೂಂ ಎಂದೆ. ಹೊರಟರು ನೋಡಿ, ಇಳಿಜಾರಿನಲ್ಲಿ ಬ್ರೇಕ್ ಬಿಟ್ಟ ಲಾರಿಯ ಹಾಗೆ! ಅಲ್ಲಿಂದ ಆ ಕೆಲಸ ನನ್ನ ತಲೆಗೆ ಬಿತ್ತು. ಹೊಲಿಗೆ ಅಂಗಡಿಗೆ ಬೀಗ ಹಾಕಿ ಹನ್ನೊಂದು ದಿನ ಅಲ್ಲೇ ಕೂತೆ. ಮೇಷ್ಟ್ರಿಗೆ ಗಿಟಾರ್ ನುಡಿಸುತ್ತ ಹಾಡಲು ಬರುವುದಿಲ್ಲವಲ್ಲ, ವಾದ್ಯ ಮುಗಿದ ಮೇಲೆ ಅವರ ಹಾಡು. ಅಲ್ಲಿಯವರೆಗೆ ಇವರು ದಾರಿ ತಪ್ಪದಿರಲಿ ಎಂದು ನಾನೇ ಪದಗಳನ್ನು ಗುನುಗುತ್ತಿದ್ದೆ. ಆಮೇಲೆ ಅದನ್ನು ಅಳಿಸಿಬಿಡುತ್ತಾರೆ.

ನಾಲ್ಕನೆಯ ಹಾಡು ಕೇಳಿದಾಗ ನನಗಾದ ಹೆಮ್ಮೆಯನ್ನು ಏನೆಂದು ಬರೆಯಲಿ. ಎದೆ ಉಬ್ಬಿ ಬಟ್ಟೆಯ ಹೊಲಿಗೆ ಬಿಡುವುದೊಂದು ಬಾಕಿ. ಹೊಲಿದವಳು ನಾನೇ ಆದ್ದರಿಂದ ತಡೆಯಿತು. ನಾಲ್ಕು ವರ್ಷ ಶನಿವಾರ ಶನಿವಾರ ನೀವು ಹಳೇ ದಾಖಲೆ ಕೋಣೆಯಲ್ಲಿ ಕೂತು, ಹೊಳೆ ಸೇತುವೆಯ ಕೂಲಿಗಳ ಇಲಿ ತಿಂದ ಹಾಜರಿ ಪುಸ್ತಕ ನಕಲು ಮಾಡಿಕೊಂಡು, ಅಂಗಿ ತುಂಬ ಧೂಳು ಹೊತ್ತು ಬರುತ್ತಿದ್ದಿರಿ. ಕಲ್ಲಿನ ಮೇಲೆ ಇಂಜಿನಿಯರನ ಹೆಸರು ಕೆತ್ತಿದ್ದಾರೆ, ಸೇತುವೆ ಕಟ್ಟಿದವರದ್ದು ಎಲ್ಲಿ ಎಂದು ಊಟದ ಮುಂದೆ ಕೂತು ಕೂಗಾಡುತ್ತಿದ್ದಿರಿ. ಹೊಟ್ಟೆಗಿಲ್ಲದ ಹುಚ್ಚು ಎಂದು ನಾನು ಬೈದದ್ದೂ ಉಂಟು. ಈಗ ಆ ಪುಸ್ತಕದ ಜನರೆಲ್ಲ, ಉದ್ದಣ್ಣ, ಒಂಟಿಕಿವಿ, ನಗೋನು, ಸುಣ್ಣದ ಮುದುಕ, ಒಬ್ಬೊಬ್ಬರೇ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಎದ್ದು ಬಂದರು. ದೋಣಿಯವರ ಹಳೆಯ ಹಾಡಿನ ಧಾಟಿಗೆ ಆ ಗಿಟಾರ್ ಸೇರಿದಾಗ ಗುಡುಗಣ್ಣ ಬಾರಿಸುತ್ತಲೇ ಅಳುತ್ತಿದ್ದ. ಬೈದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ, ಧೂಳಿನ ವಿಷಯ ಒಂದು ಬಿಟ್ಟು.

ಏಳನೆಯದು ಏನಾಯಿತು ಎಂದು ನೀವು ಆಗಲೇ ಹಲ್ಲು ಕಡಿಯುತ್ತಿರುತ್ತೀರಿ, ಗೊತ್ತು. ಆಸ್ಪತ್ರೆಗೆ ಹೊರಡುವ ಮುಂಚೆ ನೀವು ಬರೆದಿಟ್ಟ ಚೀಟಿ ನನ್ನ ಹತ್ತಿರವೇ ಇದೆ: "ಹತ್ತು ಹಾಡು ಮೇಷ್ಟ್ರು ಹಾಡಲಿ. ಏಳನೆಯದು ನಾನು ಹಾಡದಿದ್ದರೆ ಯಾರೂ ಬೇಡ, ತೆಗೆದುಹಾಕಿ." ಕೆಳಗೆ ಎರಡು ಗೆರೆ. ಆ ಹಾಡಿನಲ್ಲಿರುವುದು, ಸೇತುವೆಯ ಕಂಬದ ಬುಡ ಹಾಕಲು ನೀರಿಗಿಳಿದು ಮೇಲೆ ಬಾರದ ಮೀನಣ್ಣ, ಯಾರೂ ಸುದ್ದಿ ಹೇಳದೆ ಮೂರು ದಿನ ಬುತ್ತಿ ಹಿಡಿದು ದಂಡೆಗೆ ಬಂದು ನಿಂತ ಅವನ ಹೆಂಡತಿ. ಅದನ್ನು ಬರೆದ ದಿನ ನೀವು ಊಟ ಮಾಡಿರಲಿಲ್ಲ. ನಿಮ್ಮ ಮಾತು ಮೀರಬಾರದೆಂದು ವಾದ್ಯವಷ್ಟೇ ನುಡಿಸಿ ಇಟ್ಟರು. ಆದರೂ ಮನಸ್ಸು ಕೇಳದೆ ಮೇಷ್ಟ್ರು ಒಮ್ಮೆ ಹಾಡಿ ನೋಡಿದರು. "ಕ್ಲಾಸಲ್ಲಿ ಹಾಜರಿ ಕರೆದ ಹಾಗಿದೆ ಕಣಯ್ಯಾ" ಎಂದ ಗುಡುಗಣ್ಣ. ಸರಿ, ತೆಗೆದುಹಾಕೋಣ ಎಂದಾಯಿತು. ಆಗ ಮೌನಿ ಬಾಯಿಬಿಟ್ಟ. ಹನ್ನೊಂದು ದಿನದಲ್ಲಿ ಅವನು ಆಡಿದ್ದು ಅದೊಂದೇ ಮಾತು: "ಪಾಪ, ಆಯಮ್ಮನ್ನ ಈಗ ನಾವೂ ದಂಡೇಲೇ ಬಿಟ್ಟು ಹೋಗೋದಾ?" ನಾನು ಫ್ಲಾಸ್ಕ್ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಕಾಗದ ಉದ್ದವಾಯಿತು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ, ಅವರು ಕೊಟ್ಟ ಮಾತ್ರೆಗಳನ್ನು ದಿಂಬಿನ ಕೆಳಗೆ ಬಚ್ಚಿಡಬೇಡಿ. ಮೂವರೂ ನಿಮ್ಮನ್ನು ಕೇಳಿದ್ದಾರೆ. ಬೇಗ ಗುಣವಾಗಿ ಮನೆಗೆ ಬನ್ನಿ, ಅಷ್ಟೇ ನನ್ನ ಆಸೆ.

ಜೋಪಾನ,
ನಿಮ್ಮ ಮನೆಯವಳು

ಮರೆತಿದ್ದೆ: ಸುಳ್ಳು, ಮರೆತಿರಲಿಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಏಳನೆಯದನ್ನು ನಾನು ಹಾಡಿದ್ದೇನೆ. ನಾನು ಗುನುಗಿದ್ದನ್ನು ಆ ಹೆಂಗಸು ಅಳಿಸಿರಲಿಲ್ಲ. ಫ್ಲಾಸ್ಕ್ ತೊಳೆದು ಬರುವಷ್ಟರಲ್ಲಿ ಅದನ್ನು ಹಾಕಿದ್ದರು, ಮೂವರೂ ತಲೆ ತಗ್ಗಿಸಿ ಕೇಳುತ್ತಿದ್ದರು. ಮರುದಿನ ಬಾಗಿಲು ಹಾಕಿಸಿ ಪೂರ್ತಿ ಹಾಡಿದೆ. ಹಾಡಿದವರು ಎಂಬಲ್ಲಿ ಏನು ಹಾಕಲಿ, ಕವಿಯ ಪತ್ನಿ ಎನ್ನಲೇ ಎಂದು ಆಕೆ ಕೇಳಿದರು. ನನ್ನ ಹೆಸರನ್ನೇ ಬರೆದುಕೊಟ್ಟೆ. ಹಾಡನ್ನು ಅತ್ತಿಗೆಯ ಫೋನಿಗೆ ಕಳಿಸಿದ್ದೇನೆ, ಆಲ್ಬಮ್ ಹೊರಡುವುದು ಇನ್ನು ಹತ್ತು ದಿನಕ್ಕೆ. ಕೇಳಿ, ಬೇಡ ಅನ್ನಿಸಿದರೆ ಒಂದು ಸಾಲು ಬರೆಯಿರಿ, ತೆಗೆಸಿಬಿಡುತ್ತೇನೆ, ಮುಖ ಊದಿಸಿಕೊಳ್ಳುವುದಿಲ್ಲ. ಆದರೆ ನಿಮ್ಮ ಹಾಗೆ ಹಾಡಿಲ್ಲ ಎಂದು ಮಾತ್ರ ಬರೆಯಬೇಡಿ, ಅದು ನನಗೂ ಗೊತ್ತು. ನಿಮ್ಮ ಆಪರೇಷನ್ನಿನ ದಿನ ಆ ಬಾಗಿಲ ಮುಂದೆ ಆರು ಗಂಟೆ ಕೂತಿದ್ದೆ, ಒಬ್ಬರೂ ಹೊರಗೆ ಬಂದು ಏನೂ ಹೇಳಲಿಲ್ಲ. ಅದನ್ನು ಹಾಡಿದ್ದೇನೆ.